ಸೇನಾ ಕಚೇರಿಗಳ ತಂತ್ರಾಂಶಗಳಿಗೊಂದು ನಕ್ಷೆ: ಅದರ ಯೋಗ್ಯತೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ರಕ್ಷಣಾ ಸೇವೆಯಲ್ಲಿ ಇಪ್ಪತ್ತು ವರ್ಷ ಉಗ್ರಾಣದ ಲೆಕ್ಕ ನೋಡಿ ನಿವೃತ್ತನಾಗಿ ಈಗ ಭಾಲ್ಕಿಯಲ್ಲಿ ನೆಲೆಸಿದ್ದೇನೆ. ಕಲಬುರಗಿಯಲ್ಲಿ ಎಂಬಿಎ ಓದುತ್ತಿದ್ದೇನೆ. ಅಮೆರಿಕದ ರಕ್ಷಣಾ ಇಲಾಖೆ ತನ್ನ ವೇತನ, ಖರೀದಿ, ಉಗ್ರಾಣ ಮತ್ತು ಲೆಕ್ಕಪತ್ರದ ತಂತ್ರಾಂಶಗಳಿಗಾಗಿ ಸಿದ್ಧಪಡಿಸಿದ ಬಿಸಿನೆಸ್ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂಬ ನಕ್ಷೆ ನನ್ನ ಪ್ರಬಂಧದ ವಿಷಯ. ಮೆಚ್ಯುರಿಟಿ ಮಾದರಿಯ (ಕೆಲಸ ಎಷ್ಟು ಪಕ್ವವಾಗಿದೆ ಎಂದು ಹಂತ ಹಂತವಾಗಿ ಅಳೆಯುವ ಪಟ್ಟಿಯ) ಪ್ರಕಾರ ಅಂಕ ಹಾಕಿ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಅಷ್ಟು ಸಾಕೆ? ಇಂತಹ ನಕ್ಷೆ ನಿಜಕ್ಕೂ ಕೆಲಸಕ್ಕೆ ಬಂದಿದೆಯೇ ಎಂದು ತಿಳಿಯುವುದು ಹೇಗೆ? ನಮ್ಮ ಸೇನೆಗೂ ಇದು ಬೇಕೆ? ನಾನಿದ್ದ ಒಂದು ಉಗ್ರಾಣದಲ್ಲಿ ಒಂದೇ ಬೇರಿಂಗ್ ಮೂರು ಬಿನ್ ಕಾರ್ಡುಗಳಲ್ಲಿ (ದಾಸ್ತಾನು ಬರೆಯುವ ಚೀಟಿಗಳಲ್ಲಿ) ಮೂರು ಬೇರೆ ನಂಬರುಗಳಲ್ಲಿತ್ತು. ಒಂದರಲ್ಲಿ ದಾಸ್ತಾನು ಸೊನ್ನೆ ಎಂದು ಇಂಡೆಂಟ್ (ಬೇಡಿಕೆ ಪತ್ರ) ಹೋಗುತ್ತಿದ್ದಾಗ ಇನ್ನೊಂದರಲ್ಲಿ ನಲವತ್ತು ಬೇರಿಂಗುಗಳು ಧೂಳು ಹಿಡಿಯುತ್ತಿದ್ದವು. ಅದು ಈಗಲೂ ನೆನಪಿದೆ.

ಉತ್ತರ: ನಿಮ್ಮ ಪ್ರಬಂಧವನ್ನು ಆ ಬೇರಿಂಗಿನಿಂದಲೇ ಆರಂಭಿಸಿ ಎಂದು ಮೊದಲಿಗೇ ಹೇಳುತ್ತೇನೆ. ಸರ್ಕಾರಿ ತಂತ್ರಾಂಶಗಳ ಲೆಕ್ಕಪರಿಶೋಧನೆಯಲ್ಲಿ ನನ್ನ ಸೇವೆಯ ಬಹುಭಾಗ ಕಳೆದಿದೆ, ಈಗ ಬೀದರ್‌ನಲ್ಲಿ ಕುಳಿತು ಅದನ್ನೇ ಪಾಠ ಹೇಳುತ್ತೇನೆ. ಈ ವಿಷಯದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ. ಆರ್ಕಿಟೆಕ್ಚರ್ ಎಂಬ ನಕ್ಷೆಯ ಬೆಲೆ ಅದು ಎಷ್ಟು ಪೂರ್ಣವಾಗಿದೆ ಎಂಬುದರಲ್ಲಿಲ್ಲ. ಆ ನಕ್ಷೆಯ ಕಾರಣಕ್ಕಾಗಿ ಯಾರು ಯಾವ ಖರ್ಚನ್ನು ಮಾಡದೆ ನಿಂತರು, ಯಾವ ಹಳೆಯ ತಂತ್ರಾಂಶವನ್ನು ಮುಚ್ಚಿದರು, ಯಾವ ಎರಡು ಕಚೇರಿಗಳು ಒಂದೇ ನಂಬರಿಗೆ ಒಪ್ಪಿದವು ಎಂಬುದರಲ್ಲಿದೆ. ಅಂಕ ಹಾಕುವುದು ತಪ್ಪಲ್ಲ, ಆದರೆ ಅಂಕಗಳು ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ.

ಮಾತು ಯಾವುದರ ಬಗ್ಗೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಸೇನೆಯಲ್ಲಿ ಆಯುಧ ನಡೆಸುವ, ರೇಡಾರ್ ನೋಡುವ ತಂತ್ರಾಂಶಗಳು ಒಂದು ಬಗೆ. ಸಂಬಳ ಲೆಕ್ಕ ಹಾಕುವ, ಬೂಟು ಕೊಳ್ಳುವ, ಬಿಡಿಭಾಗ ಎಣಿಸುವ, ಪಿಂಚಣಿ ಮಂಜೂರು ಮಾಡುವ ತಂತ್ರಾಂಶಗಳು ಇನ್ನೊಂದು ಬಗೆ. ಈ ಎರಡನೆಯ ಬಗೆಯನ್ನೇ ಬಿಸಿನೆಸ್ ಸಿಸ್ಟಮ್ಸ್ ಎನ್ನುತ್ತಾರೆ. ಅವೆಲ್ಲ ಈಗ ಹೇಗಿವೆ, ಮುಂದೆ ಹೇಗಿರಬೇಕು, ಇಲ್ಲಿಂದ ಅಲ್ಲಿಗೆ ಯಾವ ಹಾದಿಯಲ್ಲಿ ಹೋಗಬೇಕು ಎಂಬ ಮೂರನ್ನೂ ಸೇರಿಸಿ ಬರೆದ ದಾಖಲೆಯೇ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್.

ನಮ್ಮ ಭಾಗದವರಿಗೆ ಇದು ಪಹಣಿಯ ಮೂಲಕ ಬೇಗ ತಿಳಿಯುತ್ತದೆ. ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ ಪಹಣಿ ಇದೆ, ನೋಂದಣಿ ಇಲಾಖೆಯ ಕಾವೇರಿಯಲ್ಲಿ ಕ್ರಯಪತ್ರ ಇದೆ, ಭೂಮಾಪನ ಇಲಾಖೆಯ ಮೋಜಿಣಿಯಲ್ಲಿ ಜಮೀನಿನ ಅಳತೆಯ 11-ಇ ನಕ್ಷೆ ಇದೆ. ಮೂರೂ ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಾಲಕ್ಕೆ ಕಟ್ಟಿಸಿದ ತಂತ್ರಾಂಶಗಳು. ಔರಾದ್ ತಾಲ್ಲೂಕಿನ ರೈತನೊಬ್ಬ ನಾಲ್ಕು ಎಕರೆಯಲ್ಲಿ ಒಂದು ಎಕರೆ ಮಾರಿದರೆ ಆ ಒಂದೇ ವ್ಯವಹಾರ ಮೂರೂ ಕಡೆ ಹಾದುಹೋಗಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಮಾಹಿತಿ ಜೆ-ಸ್ಲಿಪ್ ಆಗಿ ತಹಶೀಲ್ದಾರ್ ಕಚೇರಿಗೆ ಹೋಗಿ ಮ್ಯುಟೇಶನ್ (ಹಕ್ಕು ಬದಲಾವಣೆ) ಆಗಬೇಕಾದರೆ ಎರಡೂ ಕಡೆ ಸರ್ವೆ ನಂಬರು ಮತ್ತು ಹಿಸ್ಸಾ ನಂಬರು ಒಂದೇ ರೀತಿ ಬರೆದಿರಬೇಕು. ನಮ್ಮ ಭಾಗದಲ್ಲಿ ನಿಜಾಮರ ಕಾಲದ ಉರ್ದು ದಾಖಲೆಗಳಿಂದ ಕನ್ನಡಕ್ಕೆ ಬಂದ ಹೆಸರುಗಳಿವೆ. ಒಂದೇ ಹೊಲದ ಯಜಮಾನ ಒಂದು ಕಾಗದದಲ್ಲಿ ‘ಶರಣಪ್ಪ ತಂದೆ ಬಸಪ್ಪ’ ಆಗಿ, ಇನ್ನೊಂದರಲ್ಲಿ ‘ಶರ್ನಪ್ಪ ವಲ್ದ್ ಬಸ್ಸಪ್ಪ’ ಆಗಿ ಇದ್ದುದನ್ನು ನಾನೇ ಕಂಡಿದ್ದೇನೆ. ಮನುಷ್ಯನಿಗೆ ಇಬ್ಬರೂ ಒಬ್ಬರೇ ಎಂದು ತಿಳಿಯುತ್ತದೆ, ಕಂಪ್ಯೂಟರಿಗೆ ತಿಳಿಯುವುದಿಲ್ಲ. ಮೂರು ಇಲಾಖೆಗಳನ್ನು ಕೂರಿಸಿ, ಯಾವ ಮಾಹಿತಿಗೆ ಯಾರು ಒಡೆಯರು, ಯಾವ ನಂಬರು ಎಲ್ಲರಿಗೂ ಸಮಾನ, ಯಾರು ಬರೆದದ್ದನ್ನು ಯಾರು ಒಪ್ಪಬೇಕು ಎಂದು ತೀರ್ಮಾನ ಮಾಡಿಸುವುದೇ ಆರ್ಕಿಟೆಕ್ಚರಿನ ಕೆಲಸ. ನಿಮ್ಮ ಬೇರಿಂಗಿನ ವಿಷಯದಲ್ಲಿ ಆಗದೇ ಉಳಿದದ್ದು ಈ ತೀರ್ಮಾನವೇ.

ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಇದೇ ಕೊರತೆ ದೈತ್ಯಾಕಾರದಲ್ಲಿತ್ತು. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ, ಈ ಇಲಾಖೆಯ ವ್ಯವಹಾರ ತಂತ್ರಾಂಶಗಳ ನವೀಕರಣವನ್ನು 1995ರಲ್ಲೇ ಹೆಚ್ಚು ಅಪಾಯದ ಕಾರ್ಯಕ್ರಮಗಳ ಪಟ್ಟಿಗೆ ಸೇರಿಸಿತು. ಆ ಸಂಸ್ಥೆಯ ವರದಿಗಳಲ್ಲಿ ಎರಡು ಪ್ರಸಂಗಗಳನ್ನು ನೀವು ಪೂರ್ತಿಯಾಗಿ ಓದಲೇಬೇಕು. ಒಂದು, 2002ರಲ್ಲಿ ಬಯಲಾದ ರಾಸಾಯನಿಕ ರಕ್ಷಾ ಉಡುಪಿನದು. ಇಲಾಖೆಯ ಒಂದು ಭಾಗ ಆ ಉಡುಪನ್ನು 200 ಡಾಲರಿಗೂ ಹೆಚ್ಚು ಬೆಲೆಗೆ ಲಕ್ಷಗಟ್ಟಲೆ ಕೊಳ್ಳುತ್ತಿದ್ದಾಗಲೇ ಇನ್ನೊಂದು ಭಾಗ ಅದೇ ಉಡುಪನ್ನು ಹೆಚ್ಚುವರಿ ಎಂದು 3 ಡಾಲರಿಗೂ ಕಡಿಮೆಗೆ ಮಾರುತ್ತಿತ್ತು. ಪರಿಶೋಧಕರು ಆ ಉಡುಪಿನ ಹಾದಿಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿದರು. ಒಟ್ಟು 128 ಹೆಜ್ಜೆಗಳು, 11 ಘಟಕಗಳು, ಒಂದಕ್ಕೊಂದು ಸಂಪರ್ಕವಿಲ್ಲದ 13 ತಂತ್ರಾಂಶಗಳು ಕಂಡವು. 128ರಲ್ಲಿ 100 ಹೆಜ್ಜೆಗಳಲ್ಲಿ ಯಾರಾದರೊಬ್ಬರು ಕೈಯಿಂದ ಮಾಹಿತಿ ತುಂಬಬೇಕಿತ್ತು ಅಥವಾ ಮತ್ತೆ ತುಂಬಬೇಕಿತ್ತು. ನಿಮ್ಮ ಉಗ್ರಾಣದ ಬೇರಿಂಗಿನ ಕಥೆಯೂ ಇದೇ ಅಲ್ಲವೆ?

ಇನ್ನೊಂದು ಪ್ರಸಂಗ ಸಂಬಳದ್ದು. ತಮ್ಮ ಊರಿನಲ್ಲಿದ್ದ ನ್ಯಾಷನಲ್ ಗಾರ್ಡ್ ಎಂಬ ಅರೆಕಾಲಿಕ ಪಡೆಯ ಯೋಧರನ್ನು ಯುದ್ಧಕ್ಕೆ ಕರೆಸಿಕೊಂಡಾಗ ಅವರ ಸಂಬಳದ ಲೆಕ್ಕವೇ ಬದಲಾಗಬೇಕು. ಸಿಬ್ಬಂದಿಯ ದಾಖಲೆ ಒಂದು ತಂತ್ರಾಂಶದಲ್ಲಿ, ಸಂಬಳ ಇನ್ನೊಂದರಲ್ಲಿ. ಜಿಎಒ 2003ರಲ್ಲಿ ಆರು ತುಕಡಿಗಳ 481 ಯೋಧರ ಸಂಬಳ ಪರಿಶೀಲಿಸಿದಾಗ 450 ಮಂದಿಗೆ ಒಂದಲ್ಲ ಒಂದು ತೊಂದರೆಯಾಗಿತ್ತು. ಗಂಡ ಅಫ್ಘಾನಿಸ್ತಾನದಲ್ಲಿದ್ದಾಗ ಮನೆಯಲ್ಲಿ ಸಾಲದ ಕಂತು ತಪ್ಪುವುದು ಎಂದರೇನು ಎಂಬುದನ್ನು ನಿಮಗೆ ನಾನು ವಿವರಿಸಬೇಕಿಲ್ಲ. ತಂತ್ರಾಂಶಗಳ ನಕ್ಷೆ ಎಂಬುದು ಒಣ ವಿಷಯವೆಂದು ನಿಮ್ಮ ಸಹಪಾಠಿಗಳು ಅಂದರೆ ಈ 450ರ ಸಂಖ್ಯೆಯನ್ನು ಅವರ ಮುಂದಿಡಿ.

ಈ ಹಿನ್ನೆಲೆಯಲ್ಲಿ 2001ರಲ್ಲಿ ಇಲಾಖೆಯು ಆರ್ಕಿಟೆಕ್ಚರಿನ ಕೆಲಸ ಆರಂಭಿಸಿತು. ಮೊದಲ ಆವೃತ್ತಿ 2003ರಲ್ಲಿ ಬಂದಿತು. 2005ರ ಮಧ್ಯಭಾಗದ ಹೊತ್ತಿಗೆ 31.8 ಕೋಟಿ ಡಾಲರ್ ಖರ್ಚಾಗಿದ್ದರೂ ಪರಿಣಾಮಕಾರಿ ಎನ್ನಬಹುದಾದ ನಕ್ಷೆ ಕೈಯಲ್ಲಿಲ್ಲ ಎಂದು ಜಿಎಒ ಬರೆಯಿತು. ಅದಕ್ಕೂ ಮುನ್ನ, 2004ರ ಅಕ್ಟೋಬರಿನಲ್ಲಿ ಸಂಸತ್ತು ಕಾನೂನನ್ನೇ ಮಾಡಿತ್ತು. 2005ರ ಸೆಪ್ಟೆಂಬರ್ 30ರೊಳಗೆ ಆರ್ಕಿಟೆಕ್ಚರ್ ಸಿದ್ಧವಾಗಬೇಕು, 10 ಲಕ್ಷ ಡಾಲರಿಗಿಂತ ಹೆಚ್ಚು ಖರ್ಚಿನ ಯಾವುದೇ ನವೀಕರಣವು ಅದಕ್ಕೆ ಹೊಂದುತ್ತದೆ ಎಂಬ ಪ್ರಮಾಣೀಕರಣವಿಲ್ಲದೆ ಹಣ ಬಿಡುಗಡೆ ಮಾಡಿದರೆ ಅದು ಮಂಜೂರಾತಿಯಿಲ್ಲದ ಖರ್ಚಿನ ಅಪರಾಧವಾಗುತ್ತದೆ ಎಂದಿತು. ನನ್ನ ಅಭಿಪ್ರಾಯದಲ್ಲಿ ಈ ಇಡೀ ಇತಿಹಾಸದ ಅತಿ ಮಹತ್ವದ ಘಟ್ಟ ಇದು. ಅದುವರೆಗೆ ಗೋಡೆಯ ಮೇಲಿದ್ದ ಚಿತ್ರವೊಂದು ಅಂದಿನಿಂದ ಹಣದ ಪೆಟ್ಟಿಗೆಯ ಬೀಗವಾಯಿತು.

ಹಾಗಾದರೆ ಬೀಗ ಕೆಲಸ ಮಾಡಿತೇ? ನಿಮ್ಮ ಮೌಲ್ಯಮಾಪನದ ತಿರುಳು ಇರುವುದು ಇಲ್ಲಿ.

ನಿಮ್ಮ ಮಾರ್ಗದರ್ಶಕರು ಹೇಳುವ ಮೆಚ್ಯುರಿಟಿ ಮಾದರಿ ಬಹುಶಃ ಜಿಎಒದ್ದೇ ಇರಬೇಕು. 2003ರ ಆವೃತ್ತಿಯಲ್ಲಿ ಐದು ಹಂತಗಳಿದ್ದವು, 2010ರ ಆವೃತ್ತಿಯಲ್ಲಿ ಸೊನ್ನೆಯಿಂದ ಆರರವರೆಗೆ ಏಳು ಹಂತಗಳು ಮತ್ತು 59 ಅಂಶಗಳಿವೆ. ಮೇಲಧಿಕಾರಿಗಳ ಬದ್ಧತೆಯ ಲಿಖಿತ ನೀತಿ ಇದೆಯೇ, ಮುಖ್ಯ ಆರ್ಕಿಟೆಕ್ಟ್ ನೇಮಕವಾಗಿದೆಯೇ, ಸಮಿತಿ ಇದೆಯೇ, ಸಿಬ್ಬಂದಿ ಇದ್ದಾರೆಯೇ, ಈಗಿನ ಮತ್ತು ಮುಂದಿನ ಸ್ಥಿತಿಗಳ ವಿವರಣೆ ಇದೆಯೇ, ಫಲಿತಾಂಶ ಅಳೆಯುತ್ತಿದ್ದೀರಾ ಎಂದು ಅದು ಕೇಳುತ್ತದೆ. ಒಳ್ಳೆಯ ಪ್ರಶ್ನೆಗಳೇ. ಸಮಿತಿಯೇ ಇಲ್ಲದ, ಹೊಣೆಗಾರನೇ ಇಲ್ಲದ ಕಡೆ ನಕ್ಷೆ ನಡೆಯುವುದಿಲ್ಲ ಎಂಬುದು ನಿಜ. ಆದರೆ ಈ ಅಂಶಗಳಲ್ಲಿ ಬಹಳಷ್ಟನ್ನು ಕಾಗದ ತೋರಿಸಿಯೇ ಪೂರೈಸಬಹುದು. ಲೆಕ್ಕಪರಿಶೋಧನೆಗೆ ಹೋದಾಗ ನಾನು ಕಂಡ ಅತ್ಯಂತ ಅಚ್ಚುಕಟ್ಟಾದ ಕಡತಗಳಲ್ಲಿ ಕೆಲವು, ಏನೂ ಕೆಲಸ ಆಗದ ಕಚೇರಿಗಳಲ್ಲಿದ್ದವು. ಸಭೆಯ ನಡಾವಳಿ ಬರೆಯುವುದಕ್ಕೆ ಅಲ್ಲಿ ಪುರುಸೊತ್ತು ಇತ್ತು. ಆದ್ದರಿಂದ ಮಾದರಿಯ ಅಂಕಗಳನ್ನು ಒಂದು ಅಧ್ಯಾಯದಲ್ಲಿ ಮುಗಿಸಿ, ಉಳಿದ ಶಕ್ತಿಯನ್ನು ಕಾಗದದಾಚೆಗೆ ಏನಾಯಿತು ಎಂದು ಹುಡುಕುವುದಕ್ಕೆ ಇಡಿ.

ಮೊದಲು ಹುಡುಕಬೇಕಾದದ್ದು ತಡೆದ ಹಣ. ಪ್ರಮಾಣೀಕರಣಕ್ಕೆ ಬಂದ ಪ್ರಸ್ತಾವಗಳಲ್ಲಿ ಎಷ್ಟನ್ನು ‘ಇದು ನಕ್ಷೆಗೆ ಹೊಂದುವುದಿಲ್ಲ’ ಎಂಬ ಒಂದೇ ಕಾರಣಕ್ಕೆ ಹಿಂದಿರುಗಿಸಲಾಯಿತು, ಎಷ್ಟನ್ನು ಬದಲಿಸಿ ತರುವಂತೆ ಹೇಳಲಾಯಿತು, ಎಷ್ಟು ಹಾಗೆಯೇ ಹಾದುಹೋದವು? ಅಮೆರಿಕದ ಅನುಭವದಲ್ಲಿ ದೊಡ್ಡ ದೌರ್ಬಲ್ಯ ಇಲ್ಲಿಯೇ ಕಾಣುತ್ತದೆ. ನಮ್ಮ ತಂತ್ರಾಂಶ ಆರ್ಕಿಟೆಕ್ಚರಿಗೆ ಹೊಂದುತ್ತದೆ ಎಂದು ಆಯಾ ಘಟಕವೇ ಘೋಷಿಸುತ್ತಿತ್ತು. ಆ ಘೋಷಣೆಯನ್ನು ಇನ್ನೊಬ್ಬರು ಸರಿಯಾಗಿ ಪರಿಶೀಲಿಸುವ ಏರ್ಪಾಡು ಇಲ್ಲ ಎಂದು ಜಿಎಒ ಹಲವು ಬಾರಿ ಬೊಟ್ಟು ಮಾಡಿತು. ಪರೀಕ್ಷೆ ಬರೆದವನೇ ತನ್ನ ಉತ್ತರಪತ್ರಿಕೆ ತಿದ್ದಿದ ಹಾಗೆ. 2009ರಲ್ಲಿ ಸಂಸತ್ತು ಕಾನೂನನ್ನು ಇನ್ನಷ್ಟು ಬಿಗಿ ಮಾಡಿ, ತಂತ್ರಾಂಶ ಕೊಳ್ಳುವ ಮೊದಲು ಕೆಲಸದ ಪದ್ಧತಿಯನ್ನೇ ಸುಧಾರಿಸಿದ್ದೀರಿ ಎಂದು ಪ್ರಮಾಣೀಕರಿಸಬೇಕೆಂದಿತು. ಅಲ್ಲೂ ಘೋಷಣೆ ಸಿಕ್ಕಿತು, ಸುಧಾರಣೆಯಿಂದ ಏನು ಲಾಭವಾಯಿತು ಎಂಬ ಅಳತೆ ಸಿಗಲಿಲ್ಲ. 2013ರ ಹೊತ್ತಿಗೆ ಆರ್ಕಿಟೆಕ್ಚರಿನ ಮೇಲಿನ ಖರ್ಚು 37.9 ಕೋಟಿ ಡಾಲರ್ ತಲುಪಿತ್ತು.

ಎರಡನೆಯದು ಮುಚ್ಚಿದ ತಂತ್ರಾಂಶಗಳು. ಸಂಖ್ಯೆಗಳನ್ನು ಇಲ್ಲಿ ಎಚ್ಚರದಿಂದ ಓದಬೇಕು. ತನ್ನಲ್ಲಿ 2,274 ವ್ಯವಹಾರ ತಂತ್ರಾಂಶಗಳಿವೆ ಎಂದು 2003ರಲ್ಲಿ ಹೇಳಿದ ಇಲಾಖೆ 2005ರ ಫೆಬ್ರವರಿಯಲ್ಲಿ 4,150 ಎಂದಿತು. ನಕ್ಷೆ ಬರೆಯಲು ಕುಳಿತ ಮೇಲೆ ಸಂಖ್ಯೆ ಏರಿತು ಎಂದ ಮಾತ್ರಕ್ಕೆ ನಕ್ಷೆ ಸೋತಿತು ಎನ್ನಬೇಡಿ. ಅದರಲ್ಲಿ ಹೊಸದಾಗಿ ಕಟ್ಟಿದ್ದೆಷ್ಟು, ಮೊದಲೇ ಇದ್ದು ಎಣಿಕೆಗೆ ಹೊಸದಾಗಿ ಸಿಕ್ಕಿದ್ದೆಷ್ಟು ಎಂದು ಬಿಡಿಸಿ ನೋಡದೆ ಆ ಏರಿಕೆಗೆ ಅರ್ಥವಿಲ್ಲ. ಅದೇ ರೀತಿ ನಾಳೆ ಸಂಖ್ಯೆ ಇಳಿದರೂ ಅದು ನಿಜವಾದ ಇಳಿಕೆಯೋ, ನಾಲ್ಕು ತಂತ್ರಾಂಶಗಳನ್ನು ಒಂದೇ ಹೆಸರಿನಡಿ ಬರೆದುಕೊಂಡದ್ದೋ ನೋಡಬೇಕು. ನನ್ನ ಅನುಭವದಲ್ಲಿ ನಂಬಬಹುದಾದ ಸಾಕ್ಷಿ ಒಂದೇ ಇದೆ. ಹಳೆಯ ತಂತ್ರಾಂಶದ ನಿರ್ವಹಣಾ ಗುತ್ತಿಗೆಯ ಕೊನೆಯ ಬಿಲ್ಲು ಯಾವ ತಿಂಗಳು ಪಾವತಿಯಾಯಿತು? ಆ ತಿಂಗಳ ನಂತರವೂ ಬಿಲ್ಲು ಬರುತ್ತಿದ್ದರೆ, ಕಡತದಲ್ಲಿ ‘ಸ್ಥಗಿತಗೊಳಿಸಲಾಗಿದೆ’ ಎಂದು ಎಷ್ಟೇ ದೊಡ್ಡದಾಗಿ ಬರೆದಿದ್ದರೂ ಅದು ಓಡುತ್ತಲೇ ಇದೆ ಎಂದರ್ಥ.

ಮೂರನೆಯದು ಸಮಾನ ನಂಬರು ಮತ್ತು ಸಮಾನ ಪದ. ಹೊರಗಿನಿಂದ ನೋಡುವವರಿಗೆ ಇದು ಸಣ್ಣ ವಿಷಯವೆಂದು ಕಾಣುತ್ತದೆ, ಆದರೆ ಆರ್ಕಿಟೆಕ್ಚರಿನ ನಿಜವಾದ ಗೆಲುವುಗಳು ಸಿಗುವುದು ಇಲ್ಲಿಯೇ. ನಿಮಗೆ 13 ಅಂಕೆಗಳ ನೇಟೊ ಸ್ಟಾಕ್ ನಂಬರು ಪರಿಚಿತವೇ ಇರುತ್ತದೆ. ಮೊದಲ ನಾಲ್ಕು ಅಂಕೆ ವಸ್ತುವಿನ ವರ್ಗ, ಮುಂದಿನ ಎರಡು ದೇಶ, ಉಳಿದ ಏಳು ಆ ವಸ್ತುವಿನ ಗುರುತು. ಯಾವ ಕಂಪನಿಯೇ ಮಾಡಿರಲಿ, ಆಕಾರ, ಅಳತೆ, ಕೆಲಸ ಒಂದೇ ಆಗಿದ್ದರೆ ನಂಬರು ಒಂದೇ. ಕಂಪನಿಯ ಪಾರ್ಟ್ ನಂಬರು, ವಿಮಾನ ಕೈಪಿಡಿಯ ನಂಬರು, ಸ್ಥಳೀಯ ಖರೀದಿಯಲ್ಲಿ ಯಾರೋ ಕೊಟ್ಟ ನಂಬರು, ಹೀಗೆ ಮೂರು ಹಾದಿಯಿಂದ ಬಂದ ನಿಮ್ಮ ಬೇರಿಂಗಿಗೆ ಈ ಒಂದು ಗುರುತು ಕಟ್ಟಿದ್ದರೆ ಆ ನಲವತ್ತು ಧೂಳು ಹಿಡಿಯುತ್ತಿರಲಿಲ್ಲ. ಲೆಕ್ಕಪತ್ರದ ಕಡೆಯೂ ಹಾಗೆಯೇ. ಅಮೆರಿಕದ ಆರ್ಕಿಟೆಕ್ಚರಿನಲ್ಲಿ ನನಗೆ ಹೆಚ್ಚು ಬಾಳಿಕೆ ಬಂದದ್ದೆನಿಸುವುದು ಅದರ ಚಿತ್ರಗಳಲ್ಲ, ಸ್ಟ್ಯಾಂಡರ್ಡ್ ಫೈನಾನ್ಶಿಯಲ್ ಇನ್‌ಫರ್ಮೇಶನ್ ಸ್ಟ್ರಕ್ಚರ್ ಎಂಬ ಸಂಕೇತಗಳ ಪಟ್ಟಿ. ಯಾವ ಘಟಕ ಖರ್ಚು ಮಾಡಿದರೂ ಯಾವ ಶೀರ್ಷಿಕೆಯಡಿ, ಯಾವ ಅಂಕಣದಲ್ಲಿ, ಯಾವ ಸಂಕೇತದಿಂದ ಬರೆಯಬೇಕು ಎಂಬುದನ್ನು ಅದು ನಿಗದಿ ಮಾಡುತ್ತದೆ. ನಮ್ಮ ಖಜಾನೆಯಲ್ಲಿ ಬಿಲ್ಲಿನ ಮೇಲೆ ಲೆಕ್ಕ ಶೀರ್ಷಿಕೆ ತಪ್ಪಿದರೆ ಆಕ್ಷೇಪಣೆ ಬಂದು ಬಿಲ್ಲು ಹಿಂದಿರುಗುತ್ತದಲ್ಲ, ಅಂತಹ ಶಿಸ್ತನ್ನು ಸಾವಿರಾರು ತಂತ್ರಾಂಶಗಳಿಗೆ ತರುವ ಪ್ರಯತ್ನವಿದು.

ನಕ್ಷೆಯಿದ್ದೂ ಸೋತ ಒಂದು ಯೋಜನೆಯನ್ನು ನೀವು ಹತ್ತಿರದಿಂದ ನೋಡಬೇಕು. ಅಮೆರಿಕದ ವಾಯುಪಡೆಯ ಇಸಿಎಸ್‌ಎಸ್ ಎಂಬ ಸರಬರಾಜು ವ್ಯವಸ್ಥೆ 240ಕ್ಕೂ ಹೆಚ್ಚು ಹಳೆಯ ತಂತ್ರಾಂಶಗಳ ಜಾಗದಲ್ಲಿ ನಿಲ್ಲಬೇಕಿತ್ತು. ಸುಮಾರು 100 ಕೋಟಿ ಡಾಲರ್ ಖರ್ಚಾದ ಮೇಲೆ 2012ರ ನವೆಂಬರಿನಲ್ಲಿ ಅದನ್ನು ಕೈಬಿಟ್ಟರು. ಮೂಲ ಉದ್ದೇಶದ ಕಾಲುಭಾಗವನ್ನು ಮುಗಿಸಲು ಇನ್ನೂ 110 ಕೋಟಿ ಡಾಲರ್ ಬೇಕಾಗಿತ್ತು, ಅದೂ 2020ರ ಹೊತ್ತಿಗೆ. ಸೆನೆಟ್‌ನ ತನಿಖಾ ಉಪಸಮಿತಿ 2014ರಲ್ಲಿ ಇದರ ಮೇಲೆ ವರದಿ ಕೊಟ್ಟಿತು. ವಾಯುಪಡೆಗೆ ತನ್ನ ಹಳೆಯ ತಂತ್ರಾಂಶಗಳ ಒಳಗಿನ ಮಾಹಿತಿ ಎಂಥದ್ದು ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ, ಸಿದ್ಧ ತಂತ್ರಾಂಶಕ್ಕೆ ತಕ್ಕಂತೆ ಕೆಲಸದ ಪದ್ಧತಿ ಬದಲಿಸಿಕೊಳ್ಳಲು ಘಟಕಗಳು ಒಪ್ಪಲಿಲ್ಲ. ಎಂಟು ವರ್ಷಗಳಲ್ಲಿ ಆರು ಮಂದಿ ಕಾರ್ಯಕ್ರಮ ವ್ಯವಸ್ಥಾಪಕರು ಬದಲಾದರು. ಈ ಕೊನೆಯ ಸಂಗತಿ ಸೇನೆಯ ಕಚೇರಿಗಳಿಗೇ ಅಂಟಿಕೊಂಡ ಲಕ್ಷಣ. ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ ಆಗುವ ಅಧಿಕಾರಿಗೆ ಹತ್ತು ವರ್ಷದ ಯೋಜನೆಯ ಮಧ್ಯದ ಎರಡು ವರ್ಷ ಮಾತ್ರ ಸಿಗುತ್ತದೆ. ಆರಂಭಿಸಿದ ಹೆಸರು ಹಿಂದಿನವರದ್ದು, ಮುಗಿಸಿದ ಹೆಸರು ಮುಂದಿನವರದ್ದು. ಯುದ್ಧಭೂಮಿಗೆ ಇಂತಹ ವರ್ಗಾವಣೆ ಒಳ್ಳೆಯದಿರಬಹುದು, ಹತ್ತು ವರ್ಷದ ನಕ್ಷೆಗಲ್ಲ. ಆದ್ದರಿಂದ ನಿಮ್ಮ ಪ್ರಬಂಧದಲ್ಲಿ ‘ಅಧಿಕಾರಾವಧಿ’ ಎಂಬ ಒಂದು ಅಂಕಣ ಇರಲಿ, ಮೆಚ್ಯುರಿಟಿ ಮಾದರಿಗಳು ಅದಕ್ಕೆ ಸಾಕಷ್ಟು ತೂಕ ಕೊಟ್ಟಿಲ್ಲ.

ಆರ್ಕಿಟೆಕ್ಚರಿನ ಒಡೆತನವೂ ಹೀಗೆಯೇ ಕೈಯಿಂದ ಕೈಗೆ ಹೋಯಿತು. ಆರಂಭದಲ್ಲಿ ಅದು ಇಲಾಖೆಯ ಹಣಕಾಸು ಮುಖ್ಯಸ್ಥರ ಬಳಿ ಇತ್ತು. 2005ರಲ್ಲಿ ಬಿಸಿನೆಸ್ ಟ್ರಾನ್ಸ್‌ಫರ್ಮೇಶನ್ ಏಜೆನ್ಸಿ ಎಂಬ ಹೊಸ ಸಂಸ್ಥೆಗೆ ಬಂತು. ಆ ಸಂಸ್ಥೆಯನ್ನೇ 2011ರಲ್ಲಿ ಮುಚ್ಚಿದಾಗ ಉಪ ಮುಖ್ಯ ನಿರ್ವಹಣಾಧಿಕಾರಿಯ ಕಚೇರಿಗೆ, 2018ರಲ್ಲಿ ಮುಖ್ಯ ನಿರ್ವಹಣಾಧಿಕಾರಿ ಎಂಬ ಹೊಸ ಹುದ್ದೆಗೆ ಹೋಯಿತು. 2021ರಲ್ಲಿ ಆ ಹುದ್ದೆಯೂ ರದ್ದಾಗಿ ಕೆಲಸಗಳು ಹಂಚಿಹೋದವು. ಈ ಅವಧಿಯುದ್ದಕ್ಕೂ ಬಜೆಟ್ ಮಾತ್ರ ಭೂಸೇನೆ, ನೌಕಾಪಡೆ, ವಾಯುಪಡೆಗಳ ಕೈಗೇ ಹೋಗುತ್ತಿತ್ತು. ಹಣ ಯಾರ ಕೈಯಲ್ಲಿದೆಯೋ ತಂತ್ರಾಂಶ ಅವರದ್ದು, ನಕ್ಷೆ ಮಾತ್ರ ಕೇಂದ್ರದ್ದು. ಎಲ್ಲ ಸೇವೆಗಳಿಗೂ ಒಂದೇ ವೇತನ ಮತ್ತು ಸಿಬ್ಬಂದಿ ವ್ಯವಸ್ಥೆ ಕಟ್ಟಲು ಹೊರಟ ಡಿಮರ್ಸ್ ಯೋಜನೆಯೂ ದಶಕಕ್ಕೂ ಹೆಚ್ಚು ಕಾಲ ಎಳೆದು 2010ರಲ್ಲಿ ಮುಚ್ಚಿಹೋಯಿತು, ಆಮೇಲೆ ಪ್ರತಿಯೊಂದು ಸೇವೆಯೂ ತನ್ನ ತನ್ನ ಹಾದಿ ಹಿಡಿಯಿತು.

ಬೀದರ್‌ನಲ್ಲಿ ಕುಳಿತು ಇದನ್ನು ಬರೆಯುವಾಗ ಮಹಮ್ಮದ್ ಗವಾನನ ನೆನಪು ತಾನಾಗಿ ಬರುತ್ತದೆ. 1472ರಲ್ಲಿ ಮದರಸಾ ಕಟ್ಟಿಸಿದ ಆ ಬಹಮನಿ ವಜೀರ ಸೈನಿಕ ಆಡಳಿತದ ನಕ್ಷೆಯನ್ನೇ ತಿದ್ದಿದವನು. ನಾಲ್ಕು ದೊಡ್ಡ ತರಫುಗಳನ್ನು (ಪ್ರಾಂತಗಳನ್ನು) ಎಂಟು ಮಾಡಿದ, ಪ್ರಾಂತದ ಮುಖ್ಯಸ್ಥನಾದ ತರಫ್‌ದಾರನ ನೇರ ವಶದಲ್ಲಿ ಒಂದೇ ಕೋಟೆ ಉಳಿಸಿ ಮಿಕ್ಕವಕ್ಕೆ ರಾಜಧಾನಿಯಿಂದಲೇ ಕಿಲ್ಲೇದಾರರನ್ನು ನೇಮಿಸಿದ. ಇಷ್ಟು ಸೈನಿಕರನ್ನು ಇಟ್ಟುಕೊಳ್ಳುತ್ತೇನೆಂದು ಹಣ ಪಡೆದ ಸರದಾರ ಅಷ್ಟು ಮಂದಿಯನ್ನು ಇಟ್ಟಿರದಿದ್ದರೆ ಆ ಪ್ರಮಾಣದ ಹಣ ಕಡಿತವಾಗುವಂತೆ ಮಾಡಿದ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ಘಟಕದ ಸ್ವಯಂ ಘೋಷಣೆಯನ್ನು ನಂಬದೆ ತಲೆ ಎಣಿಸಿ ಹಣ ಕೊಡುವ ಪದ್ಧತಿ. ಅಧಿಕಾರ ಕಳೆದುಕೊಂಡವರು ನಕಲಿ ಪತ್ರವೊಂದನ್ನು ಸೃಷ್ಟಿಸಿದರು, ಸುಲ್ತಾನ ಅದನ್ನು ನಂಬಿದ, 1481ರಲ್ಲಿ ಗವಾನನ ತಲೆ ಹೋಯಿತು. ಯಾವುದೇ ಸುಧಾರಣೆಯ ನಕ್ಷೆಯನ್ನು ಅಳೆಯುವಾಗ, ಇದರಿಂದ ಯಾರು ಏನನ್ನು ಕಳೆದುಕೊಳ್ಳುತ್ತಾರೆ, ಅವರನ್ನು ಒಪ್ಪಿಸಲು ಏನು ಮಾಡಲಾಗಿದೆ ಎಂಬ ಪ್ರಶ್ನೆಯನ್ನು ಬಿಡಬಾರದು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಒಂದು ನ್ಯಾಯದ ಮಾತನ್ನೂ ಹೇಳಬೇಕು. ಆರ್ಕಿಟೆಕ್ಚರಿನ ಫಲವನ್ನು ಬೇರೆ ಕಾರಣಗಳಿಂದ ಬಿಡಿಸಿ ತೋರಿಸುವುದು ಕಷ್ಟ. ಇಲಾಖೆಯ ಒಟ್ಟು ಲೆಕ್ಕಪತ್ರದ ಮೊದಲ ಪೂರ್ಣ ಪರಿಶೋಧನೆ 2018ರಲ್ಲಿ ನಡೆಯಿತು. ಅಂದಿನಿಂದ 2024ರವರೆಗೆ ಏಳು ಬಾರಿಯೂ ಲೆಕ್ಕ ಸರಿಯಿದೆ ಎಂಬ ಅಭಿಪ್ರಾಯ ಸಿಗಲಿಲ್ಲ. ಆದರೆ ಮರೀನ್ ಕೋರ್ ಎಂಬ ಸೇವೆ 2023ರ ಆರ್ಥಿಕ ವರ್ಷದ ಲೆಕ್ಕಕ್ಕೆ ಅಂತಹ ಶುದ್ಧ ಅಭಿಪ್ರಾಯ ಪಡೆದು ಸಶಸ್ತ್ರ ಸೇವೆಗಳಲ್ಲಿ ಮೊದಲನೆಯದಾಯಿತು. ಅದು ಚಿಕ್ಕ ಸೇವೆ, ಜೊತೆಗೆ ಸಂಬಳವನ್ನೂ ಸಿಬ್ಬಂದಿ ದಾಖಲೆಯನ್ನೂ ಬಹಳ ಹಿಂದಿನಿಂದಲೇ ಒಂದೇ ವ್ಯವಸ್ಥೆಯಲ್ಲಿ ಇಟ್ಟುಕೊಂಡಿದ್ದ ಸೇವೆ. ಗೆಲುವಿಗೆ ಕಾರಣ ಚಿಕ್ಕ ಗಾತ್ರವೋ, ಒಂದೇ ದಾಖಲೆಯೋ, ಉಗ್ರಾಣಗಳಲ್ಲಿ ಕುಳಿತು ಎಣಿಸಿದವರ ಬೆವರೋ? ಮೂರೂ ಇರಬಹುದು. ನಕ್ಷೆಯಿಂದಲೇ ಆಯಿತು ಎಂದು ಬರೆಯುವ ಆಸೆಯನ್ನು ನೀವು ತಡೆದುಕೊಳ್ಳಬೇಕು, ನಕ್ಷೆಯಿಂದ ಏನೂ ಆಗಲಿಲ್ಲ ಎಂದು ಬರೆಯುವ ಆಸೆಯನ್ನೂ.

ಇನ್ನು ನಮ್ಮ ದೇಶದ ಮಾತು. ಸಂಬಳದ ಲೆಕ್ಕಕ್ಕೆ ನಮ್ಮಲ್ಲೂ ಮೂರು ಮನೆಗಳಿವೆ. ವಾಯುಪಡೆಗೆ ದೆಹಲಿಯ ಕೇಂದ್ರೀಯ ಲೆಕ್ಕ ಕಚೇರಿ, ನೌಕಾಪಡೆಗೆ ಮುಂಬೈಯ ವೇತನ ಕಚೇರಿ, ಭೂಸೇನೆಯ ಜವಾನರಿಗೆ ರಕ್ಷಣಾ ಲೆಕ್ಕ ಇಲಾಖೆಯ ವೇತನ ಲೆಕ್ಕ ಕಚೇರಿಗಳು. ಉಗ್ರಾಣದ ತಂತ್ರಾಂಶಗಳೂ ಮೂರು ಸೇವೆಗಳಿಗೆ ಮೂರು ಬಗೆಯಾಗಿ ಬೆಳೆದು ಬಂದವು. 2020ರ ಜನವರಿ 1ರಂದು ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ ಜಾರಿಗೆ ಬಂದು, 2021ರಲ್ಲಿ ಮುಂಬೈಯೂ ಸೇರಿ ಕೆಲವು ಕಡೆ ಜಂಟಿ ಲಾಜಿಸ್ಟಿಕ್ಸ್ (ಸರಬರಾಜು) ಕೇಂದ್ರಗಳು ಆರಂಭವಾದ ಮೇಲೆ ಈ ಪ್ರಶ್ನೆ ಪುಸ್ತಕದ್ದಾಗಿ ಉಳಿದಿಲ್ಲ. ಒಂದೇ ಗೋಡೌನಿನಿಂದ ಮೂರೂ ಸೇವೆಗಳಿಗೆ ವಸ್ತು ಹೋಗಬೇಕಾದರೆ ಮೂರೂ ಸೇವೆಗಳು ಆ ವಸ್ತುವನ್ನು ಒಂದೇ ಹೆಸರಿನಿಂದ ಕರೆಯಬೇಕು.

ನಮ್ಮಲ್ಲಿ ಈಗಾಗಲೇ ನಡೆದಿರುವ, ನೀವೇ ಹೋಗಿ ನೋಡಬಹುದಾದ ಪ್ರಯೋಗ ಪಿಂಚಣಿಯ ಸ್ಪರ್ಶ್ ವ್ಯವಸ್ಥೆ. ಮೊದಲು ಭೂಸೇನೆಯವರಿಗೆ ಪ್ರಯಾಗ್‌ರಾಜ್‌ನ ಪಿಂಚಣಿ ಕಚೇರಿ ಪಿಪಿಒ (ಪಿಂಚಣಿ ಪಾವತಿ ಆದೇಶ) ಹೊರಡಿಸುತ್ತಿತ್ತು, ಪಾವತಿ ಬ್ಯಾಂಕುಗಳು ಮತ್ತು ರಕ್ಷಣಾ ಪಿಂಚಣಿ ವಿತರಣಾ ಕಚೇರಿಗಳ ಮೂಲಕ ಆಗುತ್ತಿತ್ತು. ಪ್ರತಿ ಬ್ಯಾಂಕಿನಲ್ಲೂ ಪಿಂಚಣಿದಾರನ ದಾಖಲೆಯ ಒಂದು ಪ್ರತಿ ಇರುತ್ತಿತ್ತು. ಒಂದು ಹುದ್ದೆ ಒಂದು ಪಿಂಚಣಿಯಂತಹ ಪರಿಷ್ಕರಣೆ ಬಂದಾಗ ಆ ಪ್ರತಿಗಳೆಲ್ಲ ಬೇರೆ ಬೇರೆ ಕಡೆ ಬೇರೆ ಬೇರೆ ವೇಗದಲ್ಲಿ ತಿದ್ದಲ್ಪಡುತ್ತಿದ್ದವು. ಸ್ಪರ್ಶ್‌ನಲ್ಲಿ ಮಂಜೂರಾತಿ, ಲೆಕ್ಕ, ಪಾವತಿ ಒಂದೇ ಕಡೆ ಸೇರಿ 30 ಲಕ್ಷಕ್ಕೂ ಹೆಚ್ಚು ಪಿಂಚಣಿದಾರರು ಅದರಡಿ ಬಂದಿದ್ದಾರೆ. ಮಾಹಿತಿಯ ಒಡೆಯ ಬದಲಾದ ಎಂಬುದೇ ಇಲ್ಲಿಯ ಆರ್ಕಿಟೆಕ್ಚರ್, ತಂತ್ರಾಂಶದ ಪರದೆ ಹೇಗಿದೆ ಎಂಬುದಲ್ಲ. ಅದರ ನೋವು ಎಲ್ಲಿ ಕಾಣಿಸಿಕೊಂಡಿತು ಎಂಬುದನ್ನೂ ನೋಡಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಹೆಂಡತಿಯ ಜನ್ಮದಿನಾಂಕ ಪಿಪಿಒದಲ್ಲಿ ಖಾಲಿ. ಹುಮನಾಬಾದ್ ಕಡೆಯ ಎಂಬತ್ತು ದಾಟಿದ ಹಿರಿಯ ಸುಬೇದಾರರೊಬ್ಬರು ತಗಡಿನ ಪೆಟ್ಟಿಗೆಯಿಂದ ಮಡಿಕೆ ಹರಿದ ಪಿಪಿಒ ತೆಗೆದು, ಸೇವಾ ಕೇಂದ್ರದ ಹುಡುಗನ ಮುಂದೆ ಅಂಗೈಯಿಂದ ನೇವರಿಸಿ ಹರಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅವರ ಹೆಸರಿನ ಒಂದು ಅಕ್ಷರದ ವ್ಯತ್ಯಾಸವನ್ನು ಸರಿಪಡಿಸಲು ಮೂರು ಬಾರಿ ಬರಬೇಕಾಯಿತು. ನಕ್ಷೆ ಬರೆಯುವವರು ಹಳೆಯ ಮಾಹಿತಿಯನ್ನು ಶುದ್ಧ ಮಾಡುವ ಕೆಲಸಕ್ಕೆ ಸಮಯವನ್ನೂ ಹಣವನ್ನೂ ಮೊದಲೇ ಇಡದಿದ್ದರೆ ಅದರ ಹೊರೆ ಇಂತಹವರ ಹೆಗಲಿಗೆ ಬೀಳುತ್ತದೆ. ಆದ್ದರಿಂದ ಬೇಕೆ ಎಂಬ ನಿಮ್ಮ ಪ್ರಶ್ನೆಗೆ ಬೇಕು ಎಂದೇ ನನ್ನ ಉತ್ತರ, ಆದರೆ ಮೊದಲ ವರ್ಷದ ಹಣ ಚಿತ್ರಗಳಿಗೆ ಹೋಗದೆ ಹೆಸರು, ನಂಬರು, ದಿನಾಂಕಗಳ ಶುದ್ಧೀಕರಣಕ್ಕೆ ಹೋಗಬೇಕು.

ನಿಮ್ಮ ಪ್ರಬಂಧಕ್ಕೆ ನಾನು ಸೂಚಿಸುವ ಹಾದಿ ಇದು. ಇಡೀ ಆರ್ಕಿಟೆಕ್ಚರನ್ನು ಅಳೆಯಲು ಹೋಗಬೇಡಿ, ಒಬ್ಬ ವಿದ್ಯಾರ್ಥಿಯ ಕೈಲಿ ಅದು ಆಗದು. ಬಿಡಿಭಾಗವೊಂದರ ಇಂಡೆಂಟ್ ಹುಟ್ಟಿದ ಕ್ಷಣದಿಂದ ಸರಬರಾಜುದಾರನಿಗೆ ಹಣ ಸಂದಾಯವಾಗುವ ತನಕದ ಒಂದೇ ಹಾದಿಯನ್ನು ಆರಿಸಿಕೊಳ್ಳಿ. ಜಿಎಒ ಆ ಉಡುಪಿನ 128 ಹೆಜ್ಜೆಗಳನ್ನು ಎಣಿಸಿದ ರೀತಿಯಲ್ಲೇ ಎಣಿಸಿ, ಪ್ರತಿ ಹೆಜ್ಜೆಯಲ್ಲೂ ಮಾಹಿತಿ ತಾನಾಗಿ ಬಂತೋ ಯಾರಾದರೂ ಮತ್ತೆ ಟೈಪ್ ಮಾಡಿದರೋ ಗುರುತು ಹಾಕಿ. ಅನಂತರ ಅಮೆರಿಕದ ಆರ್ಕಿಟೆಕ್ಚರಿನ ದಾಖಲೆಯಲ್ಲಿ ಅದೇ ಹಾದಿ ಹೇಗೆ ಚಿತ್ರಿತವಾಗಿದೆ ಎಂದು ಪಕ್ಕದಲ್ಲಿಟ್ಟು ನೋಡಿ. ಇಂಡೆಂಟಿನಿಂದ ಪಾವತಿಯವರೆಗಿನ ಇಂತಹ ಸಮಗ್ರ ಹಾದಿಗಳನ್ನು ಅವರು ಬಿಡಿಸಿ ಬರೆದಿದ್ದಾರೆ, ಅದು ನಿಮಗೆ ಸಿದ್ಧ ಅಳತೆಗೋಲಾಗುತ್ತದೆ. ರಹಸ್ಯ ಮಾಹಿತಿ ಯಾವುದನ್ನೂ ಮುಟ್ಟುವ ಅಗತ್ಯ ಬೀಳುವುದಿಲ್ಲ. ನಿಮ್ಮ ಹಳೆಯ ಸಹೋದ್ಯೋಗಿಗಳಿಂದ ಕಡತಗಳನ್ನು ಕೇಳಬೇಡಿ, ಪ್ರಕಟಿತ ಲೆಕ್ಕಪರಿಶೋಧನಾ ವರದಿಗಳು ಮತ್ತು ಸಾರ್ವಜನಿಕ ಖರೀದಿ ಕೈಪಿಡಿಗಳಷ್ಟೇ ಸಾಕು.

ಆ ಎಣಿಕೆ ಮುಗಿದ ಮೇಲೆ ಬೇಕಿದ್ದರೆ ಬೀದರ್‌ಗೆ ಬನ್ನಿ, ಹೆಜ್ಜೆಗಳ ಪಟ್ಟಿಯನ್ನು ಒಟ್ಟಿಗೆ ಕುಳಿತು ನೋಡೋಣ. ಮೂರು ಬಿನ್ ಕಾರ್ಡುಗಳ ಆ ಬೇರಿಂಗಿಗೆ ಪಟ್ಟಿಯ ಮೊದಲ ಸಾಲನ್ನು ಬಿಟ್ಟಿಡಿ.